ನಾವು ಯಾರನ್ನೂ ಕರೆಯುವುದಿಲ್ಲ

ಡಂಕರ್ಟನ್, ಟಾಸ್ಮೇನಿಯ
3 ಜೂನ್ 2024

ಶ್ರೀಮತಿ ಲಿಯೋನಿ ಹ್ಯಾರಪ್ ಅವರಿಗೆ,

ಡಂಕರ್ಟನ್ ಫ್ರೀಮೇಸನ್ ಲಾಡ್ಜಿನ ಕಾರ್ಯದರ್ಶಿಯಾಗಿ ಈ ಪತ್ರ ಬರೆಯುತ್ತಿದ್ದೇನೆ. ನೀವು ಅಡಿಲೇಡಿನಲ್ಲಿ ವೆಬ್‌ಸೈಟುಗಳನ್ನು ವಿನ್ಯಾಸ ಮಾಡುತ್ತೀರೆಂದು ನಿಮ್ಮ ತಂದೆ ಡೆಸ್ ಬೌಲ್ಸ್ ಕ್ಲಬ್ಬಿನಲ್ಲಿ ಹೇಳಿದರು. ನಮಗೂ ಒಂದು ಬೇಕಾಗಿದೆ.

ವಿಷಯ ಮುಚ್ಚಿಡುವುದಿಲ್ಲ. ಗಂಡಸರ ಈ ಹಳೆಯ ಸೋದರ ಸಂಘದಲ್ಲಿ ನಾವೀಗ ಎಂಟೇ ಜನ. ಲಾಡ್ಜಿನ ಸಭೆ ತೆರೆಯಲು ಏಳು ಜನ ಬೇಕು. ಸೋದರ ಆಲ್ಫ್ ಪಿನ್ನಕ್ ಕ್ರಿಸ್‌ಮಸ್ ಹೊತ್ತಿಗೆ ಮಗಳ ಮನೆಗೆಂದು ಪರ್ತ್‌ಗೆ ಹೋಗುತ್ತಾರೆ. ಆಮೇಲೆ ಏಳರಲ್ಲಿ ಒಬ್ಬರಿಗೆ ನೆಗಡಿಯಾದರೂ ಬಾಗಿಲು ತೆರೆಯುವಂತಿಲ್ಲ. ನವೆಂಬರ್ 12ರ ಸಭೆಯೊಳಗೆ ಹೊಸಬರೊಬ್ಬರೂ ಬರದಿದ್ದರೆ 1888ರ ನಮ್ಮ ಸನ್ನದನ್ನು ನಮ್ಮ ಮೇಲಿನ ಸಂಸ್ಥೆಯಾದ ಹೋಬಾರ್ಟಿನ ಗ್ರ್ಯಾಂಡ್ ಲಾಡ್ಜಿಗೆ ಹಿಂದಿರುಗಿಸಿ ಬೀಗ ಹಾಕುವುದೆಂದು ತೀರ್ಮಾನವಾಗಿದೆ. ಅದಕ್ಕೆ ಮೊದಲು ಒಂದು ಒಳ್ಳೆಯ ವೆಬ್‌ಸೈಟ್ ಮಾಡಿ ನೋಡೋಣ ಎಂದು ಎಲ್ಲರ ಅಭಿಪ್ರಾಯ.

ಉತ್ತರವನ್ನು ದಯವಿಟ್ಟು ಅಂಚೆಯಲ್ಲೇ ಕಳುಹಿಸಿ. ಕಾರ್ಯದರ್ಶಿಗೆ ಬಂದ ಪತ್ರವನ್ನು ಲಾಡ್ಜಿನಲ್ಲಿ ಎದ್ದು ನಿಂತು ಓದಬೇಕು. ಫೋನು ನೋಡಿ ಓದಿದರೆ ನಮ್ಮ ಅಧ್ಯಕ್ಷರಾದ ಮಾಸ್ಟರ್ ಅದನ್ನು ಪತ್ರವೆಂದು ಒಪ್ಪುವುದಿಲ್ಲ.

ಇಂತಿ,
ಮರ್ವಿನ್ ಟಕ್‌ವೆಲ್, ಕಾರ್ಯದರ್ಶಿ

ಲಿಯೋನಿ, ಇಲ್ಲಿಂದ ಮುಂದೆ ಬರೆಯುತ್ತಿರುವವನು ಹಾರ್ಡ್‌ವೇರ್ ಅಂಗಡಿಯ ಮರ್ವ್. ಎಂಟು ಜೋಡಿ ಕಿವಿಗೆ ಬೀಳಬಾರದ ಮಾತೇನಾದರೂ ಇದ್ದರೆ ಲಕೋಟೆಯ ಮೇಲೆ ನನ್ನ ಮನೆ ವಿಳಾಸ ಬರೆ.


ಅಡಿಲೇಡ್
12 ಜೂನ್ 2024

ಮಾನ್ಯ ಕಾರ್ಯದರ್ಶಿಗಳಿಗೆ,

ಒಪ್ಪಿದ್ದೇನೆ. ಸಂಭಾವನೆ ಬೇಡ. ಮುಂದಿನ ಸಲ ಊರಿಗೆ ಬಂದಾಗ ಯಾರಾದರೂ ಸ್ಕ್ಯಾಲಪ್ ಚಿಪ್ಪುಮೀನಿನ ಪೈ ಕೊಡಿಸಿದರೆ ಸಾಕು. ಇಲ್ಲಿ ಅದರ ಹೆಸರಿನಲ್ಲಿ ಏನೇನೋ ಮಾರುತ್ತಾರೆ.

ನಿಮ್ಮ ಲಾಡ್ಜಿಗೆ ಈಗಾಗಲೇ ಒಂದು ವೆಬ್‌ಸೈಟ್ ಇದೆಯೆಂಬುದು ನಿಮಗೆ ಮರೆತಂತಿದೆ. ಅದನ್ನು ನೋಡಿದೆ. ಪುಟ ತೆರೆದ ಕೂಡಲೇ ಆರ್ಗನ್ ನುಡಿಯುತ್ತದೆ, ನಿಲ್ಲಿಸಲು ದಾರಿಯಿಲ್ಲ. ಮೇಲ್ಗಡೆ ಒಂದು ಕಣ್ಣು ತೆರೆದು ಮುಚ್ಚಿ ಮಾಡುತ್ತಿರುತ್ತದೆ. 2009ರ ಮಾರ್ಚಿನ ಔತಣಕೂಟಕ್ಕೆ ಟಿಕೆಟ್ ಇನ್ನೂ ದೊರೆಯುತ್ತದೆ ಎಂದಿದೆ. ಕೊಟ್ಟಿರುವ ಫೋನ್ ನಂಬರಿಗೆ ಕರೆ ಮಾಡಿದೆ. ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿಯವರು ಎತ್ತಿಕೊಂಡು, ನಿಮ್ಮ ನಾಯಿ ಯಾವ ಜಾತಿ ಎಂದು ಕೇಳಿದರು.

ಮೊದಲ ಬಾರಿ ಬಂದವನಿಗೆ ತಿಳಿಯಬೇಕಾದ್ದು ಮೂರೇ ವಿಷಯ: ಇವರು ಯಾರು, ಎಲ್ಲಿದ್ದಾರೆ, ನಾನು ಹೇಗೆ ಸೇರಬಹುದು. ಆದ್ದರಿಂದ ಮುಖಪುಟದಲ್ಲಿ ನಿಮ್ಮ ಲಾಡ್ಜ್ ಹಾಲ್‌ನ ಒಂದು ಚಿತ್ರ, ಸಭೆಯ ದಿನ, ಉತ್ತರಿಸುವ ಮನುಷ್ಯನ ನಂಬರು, ಎಲ್ಲಕ್ಕಿಂತ ಮೇಲೆ ದೊಡ್ಡದಾಗಿ ‘ನಮ್ಮೊಂದಿಗೆ ಸೇರಿ’ ಎಂಬ ಗುಂಡಿ. ಈಗಿರುವ ಗುಂಪು ಚಿತ್ರದಲ್ಲಿ ಎಲ್ಲರೂ ತೀರ್ಪು ಕೊಡಲು ಹೊರಟವರಂತೆ ಕಾಣುತ್ತೀರಿ. ಊಟಕ್ಕೆ ಕೂತಾಗ ಒಂದು ಚಿತ್ರ ತೆಗೆದು ಕಳುಹಿಸಿ.

ಹದಿನೈದು ವರ್ಷದವಳಿದ್ದಾಗ ಅಪ್ಪ ನಿಮ್ಮ ಹಾಲಿನ ತಂತಿಗಳನ್ನೆಲ್ಲ ಬದಲಾಯಿಸುವಾಗ ಕೈಯಲ್ಲಿ ಸ್ಕ್ರೂಗಳನ್ನು ಹಿಡಿದುಕೊಂಡು ಆ ಕಪ್ಪು ಬಿಳಿ ಚೌಕದ ನೆಲದ ಮೇಲೆ ನಿಂತಿದ್ದೆ. ಅದರ ಚಿತ್ರವೂ ಬೇಕು.

ಲಿಯೋನಿ ಹ್ಯಾರಪ್


ಡಂಕರ್ಟನ್
10 ಜುಲೈ 2024

ಶ್ರೀಮತಿ ಹ್ಯಾರಪ್ ಅವರಿಗೆ,

ನಿಮ್ಮ ಪತ್ರವನ್ನು ನಿನ್ನೆ ಲಾಡ್ಜಿನಲ್ಲಿ ಓದಲಾಯಿತು. ನಾಯಿಯ ಭಾಗವನ್ನು ಸೋದರರ ಕೋರಿಕೆಯ ಮೇರೆಗೆ ಎರಡು ಸಲ ಓದಲಾಯಿತು.

ತೀರ್ಮಾನಗಳು ಹೀಗಿವೆ. ಕಣ್ಣು ಹೋಗಬಹುದು. ಆರ್ಗನ್ ನುಡಿಸಿದವರು ನಮ್ಮ ಸೋದರ ಕ್ಲೈವ್ ಬ್ಯಾಸಿಂಗ್‌ವೇಟ್. ಅದು ಉಳಿಯಬೇಕೆಂದು ಅವರು ಹೇಳಿದರು, ಹೋಗಬೇಕೆಂದು ಉಳಿದ ಏಳು ಜನ ಹೇಳಿದರು. ಬೇಕಾದವರು ಒತ್ತಿ ಕೇಳುವ ಹಾಗೆ ಎಲ್ಲಾದರೂ ಕೆಳಗಡೆ ಇಡಲು ಸಾಧ್ಯವೇ? ಇದುವರೆಗಿನ ತೊಂಬತ್ತೇಳು ಮಾಸ್ಟರ್‌ಗಳ ಹೆಸರನ್ನು ಮುಖಪುಟದಲ್ಲಿ ಹಾಕಬೇಕೆಂದು ಸೂಚನೆ ಬಂತು. ಅದನ್ನು ನಾನೇ ತಡೆದಿದ್ದೇನೆ.

ಆದರೆ ‘ನಮ್ಮೊಂದಿಗೆ ಸೇರಿ’ ಆಗದು. ನಾವು ಯಾರನ್ನೂ ಕರೆಯುವುದಿಲ್ಲ. ನೂರಮೂವತ್ತಾರು ವರ್ಷಗಳಲ್ಲಿ ಈ ಊರಿನ ಒಬ್ಬ ಗಂಡಸನ್ನೂ ಬಾ ಎಂದು ಕರೆದಿಲ್ಲ. ಬರಬೇಕೆನ್ನುವವನು ತಾನಾಗಿ ಕೇಳಬೇಕು. ಕೇಳಿದರೆ ಬಾಗಿಲು ಇದೆ. ಅದನ್ನು ಬಿಟ್ಟು ಬೇರೆ ಏನಾದರೂ ಬರೆಯಿರಿ.

ಮರ್ವಿನ್ ಟಕ್‌ವೆಲ್, ಕಾರ್ಯದರ್ಶಿ


ಅಡಿಲೇಡ್
22 ಜುಲೈ 2024

ಮರ್ವ್ ಅವರಿಗೆ (ಮನೆ ವಿಳಾಸಕ್ಕೆ),

ಕಾರ್ಯದರ್ಶಿಗಳ ಜೊತೆ ಜಗಳವಾಡುವ ಧೈರ್ಯ ನನಗಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನವೆಂಬರ್ ಒಳಗೆ ಜನ ಬರದಿದ್ದರೆ ಬೀಗ ಎನ್ನುತ್ತೀರಿ. ಜನ ಬರಲಿ ಎಂದು ವೆಬ್‌ಸೈಟ್ ಮಾಡಿಸುತ್ತೀರಿ. ಬನ್ನಿ ಎಂದು ಮಾತ್ರ ಹೇಳಬಾರದು. ಅಂಗಡಿ ತೆರೆದು ಒಳಗೆ ದೀಪ ಹಚ್ಚಿ ಹೊರಗಿನ ಬೋರ್ಡನ್ನು ತಿರುಗಿಸಿ ಇಟ್ಟಂತಾಯಿತು. ನಿಮ್ಮ ಹಾರ್ಡ್‌ವೇರ್ ಅಂಗಡಿಯನ್ನು ಹೀಗೆ ನಡೆಸಿದ್ದಿರಾ?

ತಾನಾಗಿ ಕೇಳಬೇಕು ಎಂಬುದು ಹೊರಗಿನವನಿಗೆ ಹೇಗೆ ಗೊತ್ತಾಗಬೇಕು? ಎಲ್ಲರಿಗೂ ಗೊತ್ತು ಎನ್ನುತ್ತೀರಿ ಎಂದುಕೊಂಡಿದ್ದೇನೆ. ಹಾಗೆ ಗೊತ್ತಿದ್ದವರೆಲ್ಲ ಈಗ ಚರ್ಚಿನ ಹಿಂದೆ ಮಲಗಿದ್ದಾರೆ.

ಇದನ್ನು ಬರೆದು ಒಂದು ದಿನ ಇಟ್ಟುಕೊಂಡು ಮತ್ತೆ ಓದಿದೆ. ಮಾತು ಒರಟಾಗಿದೆ. ಈ ಕೆಲಸ ಯಾಕೆ ಒಪ್ಪಿಕೊಂಡೆ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಹೆಂಗಸಾದ ನನಗೆ ಆ ಮನೆಯಲ್ಲಿ ಜಾಗವಿಲ್ಲ. ಕರೆಯದೇ ಕಾಯುವ ನಿಮ್ಮ ಗತ್ತು ನನಗೆ ಅಹಂಕಾರದಂತೆ ಕಾಣುತ್ತದೆ. ಆದರೂ ಆ ಹಾಲಿಗೆ ಬೀಗ ಬಿದ್ದಿರುವುದನ್ನು ನೆನೆಸಿಕೊಂಡರೆ ಹಿಡಿಸುವುದಿಲ್ಲ. ಎರಡೂ ನಿಜ. ತಿದ್ದದೆ ಕಳುಹಿಸುತ್ತಿದ್ದೇನೆ.

ಲಿಯೋನಿ


ಡಂಕರ್ಟನ್
14 ಆಗಸ್ಟ್ 2024

ಲಿಯೋನಿ,

ಚರ್ಚಿನ ಹಿಂದಿನವರ ಸಾಲನ್ನು ನಿನ್ನೆ ಊಟದ ಹೊತ್ತಿನಲ್ಲಿ, ಯಾರು ಬರೆದದ್ದೆಂದು ಹೇಳದೆ ಓದಿದೆ. ಆಲ್ಫ್ ತಕ್ಷಣ, ‘ಇದು ಡೆಸ್ ಮಗಳೇ, ಅವರಪ್ಪನ ಬಾಯಲ್ಲಿ ಬರ್ದೇ ಇರೋದೆಲ್ಲ ಅವಳ ಬಾಯಲ್ಲಿ ಬರುತ್ತೆ’ ಅಂದ.

ನಿನ್ನ ಗುಂಡಿಯ ವಿಷಯ ಮತ್ತೆ ಎತ್ತಿದೆ. ಲಾಡ್ಜಿನಲ್ಲಿ ಹೊಸಬರನ್ನು ಸೇರಿಸುವಾಗ ಬಿಳಿ ಗೋಲಿ, ಕಪ್ಪು ಗೋಲಿ ಹಾಕಿ ಗುಟ್ಟಾಗಿ ಮತ ಕೊಡುತ್ತೇವೆ. ಆ ಪೆಟ್ಟಿಗೆಯನ್ನು ವೆಬ್‌ಸೈಟಿಗೆ ಬಳಸುವುದು ಸರಿಯಲ್ಲ ಎಂದು ಮಾಸ್ಟರ್ ಹೇಳಿದರು. ಹಾಗಾಗಿ ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಿ ಇಟ್ಟು, ಒಪ್ಪಿಗೆಗೆ ಬಟಾಣಿ, ವಿರೋಧಕ್ಕೆ ಒಣದ್ರಾಕ್ಷಿ ಹಾಕಿದೆವು. ಮೊದಲ ಸುತ್ತಿನಲ್ಲಿ ಏಳೇ ಮತ ಬಂದವು. ಕ್ಲೈವ್ ತನ್ನದನ್ನು ಯೋಚನೆ ಮಾಡುತ್ತ ಮಾಡುತ್ತ ತಿಂದುಬಿಟ್ಟಿದ್ದ. ಎರಡನೇ ಸುತ್ತಿನಲ್ಲಿ ಮೂರು ಬಟಾಣಿ, ಐದು ದ್ರಾಕ್ಷಿ. ನಿನ್ನ ಗುಂಡಿ ಬಿದ್ದುಹೋಯಿತು. ಆ ಐದರಲ್ಲಿ ಒಂದು ನನ್ನದು.

ಅಹಂಕಾರ ಅಂದೆ. ಇರಬಹುದು. ಆದರೆ ನಿಮ್ಮಪ್ಪನನ್ನೇ ನೋಡು. 1993ರಲ್ಲಿ ಆರು ವಾರ ನಮ್ಮ ಹಾಲಿನ ಮಾಡಿನಲ್ಲಿ ಕೂತು ಕೆಲಸ ಮಾಡಿದ. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಮೂಲೆಗಳು ಅವನಿಗೆ ಗೊತ್ತು. ಕೊನೆಯ ದಿನ ಧೂಳು ಕೊಡವಿಕೊಂಡು ಕೆಳಗೆ ಬಂದಾಗ ನಾನು ಅವನಿಗೆ, ‘ಡೆಸ್, ನೀನು ಇನ್ನೇನು ಅರ್ಧ ನಮ್ಮವನೇ ಆಗ್ಬಿಟ್ಟೆ’ ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನಮ್ಮ ಪದ್ಧತಿ ಬಿಡುವುದಿಲ್ಲ. ಅವನು ‘ಬಿಲ್ ಕಳಿಸ್ತೀನಿ’ ಅಂದು ಹೋದ. ಅವನಿಗೆ ಇಷ್ಟವಿಲ್ಲ ಎಂದು ನನಗೆ ಅರ್ಥವಾಯಿತು. ಅವತ್ತಿನಿಂದ ಇವತ್ತಿನವರೆಗೆ ವಾರಕ್ಕೊಮ್ಮೆ ಜೊತೆಯಲ್ಲಿ ಹುಲ್ಲಿನ ಮೇಲೆ ಬೌಲ್ಸ್ ಚೆಂಡು ಉರುಳಿಸುತ್ತೇವೆ, ವರ್ಷಕ್ಕೊಮ್ಮೆ ಬಂದು ನಮ್ಮ ದೀಪಗಳನ್ನು ನೋಡಿಕೊಂಡು ಹೋಗುತ್ತಾನೆ. ಆ ಮಾತು ಮತ್ತೆ ಬಂದಿಲ್ಲ. ಎಳೆದಿದ್ದರೆ ಬರುತ್ತಿದ್ದನೇನೋ. ಎಳೆಯಲಿಲ್ಲ. ಅದಕ್ಕೇ ಇನ್ನೂ ಗೆಳೆಯರಾಗಿದ್ದೇವೆ. ಪದ್ಧತಿಗೂ ಒಂದು ಅರ್ಥವಿದೆ, ಮಗಳೇ.

ಮರ್ವ್


ಅಡಿಲೇಡ್
24 ಆಗಸ್ಟ್ 2024
(ಕಳುಹಿಸದ ಪತ್ರ)

ಮರ್ವ್ ಅವರಿಗೆ,

ನಿಮ್ಮ ಪತ್ರವನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ತನ್ನ ಮತವನ್ನೇ ತಿಂದ ಕ್ಲೈವ್ ಕಥೆಗೆ ನಗಲಿ ಎಂದು. ನಕ್ಕಳು. ಅಪ್ಪನ ಭಾಗವನ್ನು ಮತ್ತೊಮ್ಮೆ ಓದಿಸಿದಳು.

‘ಅಪ್ಪ ಎಲ್ಲಿದಾರೆ?’ ಅಂದೆ.

‘ಶೆಡ್ಡಲ್ಲಿ. ಸ್ವಲ್ಪ ಇರು, ಬಾಗಿಲು ಹಾಕ್ತೀನಿ’ ಅಂದಳು. ಆಮೇಲೆ ಹೇಳಿದಳು. ಅವತ್ತು ಅಪ್ಪ ಮನೆಗೆ ಬಂದವರೇ, ‘ನೋಲಾ, ನನ್ನ ಕಪ್ಪು ಸೂಟು ಡ್ರೈಕ್ಲೀನಿಂಗ್‌ಗೆ ಕೊಡು, ಬೇಕಾಗಬಹುದು’ ಅಂದರಂತೆ. ಮರ್ವ್ ಅರ್ಧ ನಮ್ಮವನು ಅಂದನಂತೆ, ಇನ್ನರ್ಧಕ್ಕೆ ಕರೆ ಬರುತ್ತದಂತೆ. ಒಂದು ತಿಂಗಳು ಕಾದರು. ಒಂದು ವರ್ಷ ಕಾದರು. ‘ಮೂವತ್ತೊಂದು ವರ್ಷ ಆಯ್ತು. ಆ ಸೂಟಿನ ಸೊಂಟಾನ ನಾನೇ ಎರಡು ಸಲ ಬಿಚ್ಚಿ ದೊಡ್ಡದು ಮಾಡಿದೀನಿ’ ಅಂದಳು ಅಮ್ಮ.

ಕೇಳಬಹುದಿತ್ತಲ್ಲ ಅಂದೆ.

‘ಅವರ ಮನೆಗೆ ಅವರು ಕರೀಬೇಕು, ನಾವೇ ಹೋಗಿ ಬಾಗಿಲು ತಟ್ಟೋದಾ ಅಂತಾರೆ. ಕರೀಲಿಲ್ಲ ಅಂದ್ರೆ ಬೇಡ ಅಂತ ತಾನೇ ಅರ್ಥ. ನೀನು ಎಲ್ಲಾದ್ರೂ ಬಾಯಿ ಬಿಟ್ಟರೆ ನೋಡು.’

ಮರ್ವ್, ನೀವು ಕಾಯುತ್ತಿದ್ದೀರಿ. ಅವರೂ ಕಾಯುತ್ತಿದ್ದಾರೆ. ಪ್ರತಿ ವಾರ ಒಂದೇ ಹುಲ್ಲಿನ ಮೇಲೆ ನಿಂತು ಇಬ್ಬರೂ ಕಾಯುತ್ತಿದ್ದೀರಿ.

ಇದನ್ನು ನಿಮಗೆ ಕಳುಹಿಸಿದರೆ ಏನಾಗುತ್ತದೆ? ಗೊತ್ತಾದ ಮೇಲೂ ನೀವು ಕರೆಯುವಂತಿಲ್ಲ. ಅವರನ್ನು ನೋಡುವ ನಿಮ್ಮ ನೋಟ ಬದಲಾಗುತ್ತದೆ, ಅದು ಅವರಿಗೆ ಗೊತ್ತಾಗುತ್ತದೆ. ಅಪ್ಪನಿಗೇ ಹೇಳಿದರೆ? ಮಗಳು ದಬ್ಬಿ ಕಳುಹಿಸಿದಳು ಎಂದಾಗುತ್ತದೆ. ಇಷ್ಟು ವರ್ಷ ಕಾದದ್ದಕ್ಕೆ ಅಷ್ಟಾದರೂ ಮರ್ಯಾದೆ ಉಳಿಯಬೇಡವೇ?

ಕೇಳಿ ತಿಳಿದ ಗುಟ್ಟನ್ನು ಏನು ಮಾಡಬೇಕೆಂದು ನನಗೆ ಗೊತ್ತಾಗುತ್ತಿಲ್ಲ. ಬರೆಯುವುದು ಮಾತ್ರ ಗೊತ್ತು. ಬರೆದಿದ್ದೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ.


ಅಡಿಲೇಡ್
26 ಆಗಸ್ಟ್ 2024

ಮಾನ್ಯ ಕಾರ್ಯದರ್ಶಿಗಳಿಗೆ,

ದ್ರಾಕ್ಷಿಗಳ ತೀರ್ಪನ್ನು ಒಪ್ಪಿದ್ದೇನೆ. ‘ನಮ್ಮೊಂದಿಗೆ ಸೇರಿ’ ತೆಗೆದುಹಾಕಿದೆ. ಅದರ ಬದಲು ಮುಖಪುಟದಲ್ಲಿ, ಹಾಲಿನ ಚಿತ್ರದ ಕೆಳಗೆ, ಈ ಕೆಳಗಿನಷ್ಟನ್ನು ದೊಡ್ಡ ಅಕ್ಷರದಲ್ಲಿ ಹಾಕಲು ಅನುಮತಿ ಕೊಡಿ:

“ನಾವು ಯಾರನ್ನೂ ಕರೆಯುವುದಿಲ್ಲ. ಇದು ನಿಮ್ಮ ಮೇಲಿನ ಅಸಡ್ಡೆಯಲ್ಲ, ನಮ್ಮ ಪದ್ಧತಿ. ಇಷ್ಟವಿದ್ದವನು ತಾನಾಗಿ ಕೇಳಬೇಕು. ಯಾರಾದರೂ ಕರೆಯುತ್ತಾರೆ ಎಂದು ನೀವು ಇಷ್ಟು ದಿನ ಕಾದಿದ್ದರೆ, ನಿಮ್ಮನ್ನು ಬೇಡ ಎಂದವರು ಯಾರೂ ಇಲ್ಲ. ನೀವು ಕೇಳಲಿ ಎಂದು ನಾವೂ ಕಾಯುತ್ತಿದ್ದೇವೆ.”

ಇದರಲ್ಲಿ ಕರೆಯೂ ಇಲ್ಲ, ಸುಳ್ಳೂ ಇಲ್ಲ ಎಂದು ನನ್ನ ನಂಬಿಕೆ. ತಪ್ಪಿದ್ದರೆ ತಿಳಿಸಿ.

ಲಿಯೋನಿ ಹ್ಯಾರಪ್


ಡಂಕರ್ಟನ್
12 ಸೆಪ್ಟೆಂಬರ್ 2024

ಲಿಯೋನಿ,

ಮಂಗಳವಾರ ಓದಿದೆ. ಮುಗಿಸಿ ಕೂತೆ. ಮಾಸ್ಟರ್, ‘ಇದು ಕರೆದ ಹಾಗಾಯ್ತೋ, ಕರೀದೇ ಇದ್ದ ಹಾಗಾಯ್ತೋ?’ ಅಂದರು. ಕ್ಲೈವ್, ‘ನಮ್ಮ ನಿಯಮಾನೇ ಬರೆದಿದಾಳೆ. ಇಷ್ಟು ವರ್ಷ ನಾವು ಅದನ್ನ ನಮ್ಮನಮ್ಮಲ್ಲೇ ಹೇಳ್ಕೊಂಡಿದ್ವಿ, ಅಷ್ಟೇ’ ಅಂದ. ಊಟದ ಹೊತ್ತಿನಲ್ಲಿ ಸಕ್ಕರೆ ಡಬ್ಬಿ ತಿರುಗಿತು. ಎಂಟಕ್ಕೆ ಎಂಟೂ ಬಟಾಣಿ.

ಆಲ್ಫ್ ಒಂದು ಮಾತು ಅಂದ, ಅದನ್ನು ನಿನ್ನ ಕಿವಿಗೂ ಹಾಕುತ್ತೇನೆ: ‘ಇದನ್ನ ಯಾರನ್ನೋ ಎದುರಿಗೆ ಕೂರಿಸ್ಕೊಂಡು ಬರೆದ ಹಾಗಿದೆ.’ ಹೌದಾ?

ಯಾಕೆ ಕರೆಯುವುದಿಲ್ಲ ಎಂದು ನೀನು ನೇರವಾಗಿ ಕೇಳಲಿಲ್ಲ, ಅಹಂಕಾರ ಅಂದೆ. ಮನಸ್ಸಿನಲ್ಲೇ ಉಳಿದಿತ್ತು, ಹೇಳಿಬಿಡುತ್ತೇನೆ. ಒಂದು ಸಲ ನಾನು ಕರೆದಿದ್ದೆ. 1979ರಲ್ಲಿ, ಹೆಂಡತಿಯ ತಮ್ಮ ರಾಯ್‌ಸ್ಟನ್‌ನನ್ನು. ಬಾರೋ ಬಾರೋ ಎಂದು ಬೆನ್ನು ಬಿದ್ದೆ. ನನ್ನ ಮನಸ್ಸು ನೋಯಿಸಬಾರದೆಂದು ಬಂದ. ಎಲ್ಲ ಸಭೆಗೂ ಬಂದ, ಒಂದು ದಿನವೂ ಅವನಿಗೆ ಅದು ಇಷ್ಟವಾಗಲಿಲ್ಲ. ನಾಲ್ಕು ವರ್ಷದ ನಂತರ ಒಂದು ಕ್ರಿಸ್‌ಮಸ್ ಊಟದಲ್ಲಿ, ‘ನಾನಾಗಿ ಬಂದಿದ್ನಾ? ನೀನು ಎಳೆದದ್ದಕ್ಕೆ ಬಂದೆ’ ಎಂದು ಎಲ್ಲರೆದುರು ಅಂದ. ಹನ್ನೊಂದು ವರ್ಷ ನನ್ನೊಂದಿಗೆ ಮಾತಾಡಲಿಲ್ಲ. ಪದ್ಧತಿಯನ್ನು ಹಿಂದಿನವರು ಯಾವುದಕ್ಕೆ ಮಾಡಿದರೋ ಗೊತ್ತಿಲ್ಲ. ನಾನು ಅದಕ್ಕೆ ಅಂಟಿಕೊಂಡದ್ದು ರಾಯ್‌ಸ್ಟನ್‌ನಿಂದ.

ಊಟದ ಚಿತ್ರ ಇದರ ಜೊತೆಗಿದೆ. ಬಾಯಿ ತೆರೆದುಕೊಂಡಿರುವವನು ಕ್ಲೈವ್.

ಮರ್ವ್


ಅಡಿಲೇಡ್
12 ಅಕ್ಟೋಬರ್ 2024

ಮರ್ವ್ ಅವರಿಗೆ,

ವೆಬ್‌ಸೈಟ್ ಅಕ್ಟೋಬರ್ ಒಂದರಿಂದ ನಡೆಯುತ್ತಿದೆ. ಆರ್ಗನ್ ಕೊನೆಯ ಪುಟದಲ್ಲಿದೆ. ಈವರೆಗೆ ಅದನ್ನು ನಲವತ್ತು ಸಲ ಕೇಳಲಾಗಿದೆ. ಎಲ್ಲವೂ ಡಂಕರ್ಟನ್‌ನಲ್ಲಿ ಒಂದೇ ಮನೆಯಿಂದ ಎಂದು ನನ್ನ ಅನುಮಾನ.

ರಾಯ್‌ಸ್ಟನ್ ವಿಷಯ ಓದಿದ ಮೇಲೆ ‘ಅಹಂಕಾರ’ ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೂ ಒಂದು ಯೋಚನೆ ಬಿಡುವುದಿಲ್ಲ. ಒಬ್ಬನನ್ನು ಎಳೆದು ತಪ್ಪಾಯಿತೆಂದು ನೀವು ಎಲ್ಲರಿಂದಲೂ ಕೈ ಹಿಂದೆ ತೆಗೆದುಕೊಂಡಿರಿ. ಕೈ ಚಾಚುವುದಕ್ಕೂ ಎಳೆಯುವುದಕ್ಕೂ ನಡುವೆ ಎಲ್ಲೋ ಒಂದು ಗೆರೆ ಇರಬೇಕು. ಎಲ್ಲಿ ಎಂದು ನನಗೂ ಗೊತ್ತಿಲ್ಲ. ಈಚೆಗೆ ದಿನವೂ ಅದನ್ನೇ ಹುಡುಕುತ್ತಿದ್ದೇನೆ.

ಆಲ್ಫ್ ಅವರಿಗೆ ಹೇಳಿ, ಒಳ್ಳೆಯ ಪುಟ ಯಾವಾಗಲೂ ಯಾರೋ ಒಬ್ಬರಿಗೆ ಬರೆದಂತೆಯೇ ಇರಬೇಕು, ಇದು ನನ್ನ ವೃತ್ತಿಯ ಮೊದಲ ಪಾಠ ಎಂದು.

ವಯಸ್ಸಾದ ಕಣ್ಣಿಗೆ ಅಕ್ಷರ ಸಾಕಷ್ಟು ದೊಡ್ಡದಿದೆಯೇ ಎಂದು ಪರೀಕ್ಷಿಸಲು ಕೆಲವರಿಗೆ ತೋರಿಸಿದೆ. ಅಪ್ಪನಿಗೂ ಕಳುಹಿಸಿದ್ದೆ. ಐದು ದಿನ ಬಿಟ್ಟು ಫೋನ್ ಮಾಡಿ, ‘ಅಕ್ಷರ ದೊಡ್ಡದಿದೆ’ ಅಂದರು. ಅಷ್ಟೇ ಅಂದರು.

ಲಿಯೋನಿ


ಡಂಕರ್ಟನ್
5 ನವೆಂಬರ್ 2024

ಲಿಯೋನಿ,

ಅಕ್ಷರ ಪರೀಕ್ಷೆ ಮಾಡಿಕೊಟ್ಟದ್ದಕ್ಕೆ ಡೆಸ್‌ಗೆ ಥ್ಯಾಂಕ್ಸ್ ಹೇಳಿದೆ. ‘ಅದೇನ್ ಮಹಾ’ ಅಂದ. ಈಚೆಗೆ ಅವನ ಆಟ ಕೆಟ್ಟಿದೆ. ಮೂರು ವಾರದಿಂದ ಬೌಲ್ ಎಲ್ಲಿಗೋ ಹಾಕುತ್ತಾನೆ, ಮನಸ್ಸು ಎಲ್ಲಿಯೋ ಇರುತ್ತದೆ. ಆರೋಗ್ಯ ಸರಿಯಿದೆಯೇ ಎಂದು ನೋಲಾಳನ್ನು ಕೇಳಿದೆ. ಚೆನ್ನಾಗಿದ್ದಾರೆ ಅಂದಳು. ನೀನೂ ಒಮ್ಮೆ ವಿಚಾರಿಸು.

ನಿನ್ನ ಪುಟದಿಂದ ಮೂರು ವಿಚಾರಣೆ ಬಂದವು. ಒಬ್ಬರು ಗುರುವಾರಗಳಂದು ಜುಂಬಾ ನೃತ್ಯಕ್ಕೆ ಹಾಲ್ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದರು. ಒಬ್ಬ ನೆಲದ ಕೆಳಗೆ ಹೂತಿಟ್ಟ ನಿಧಿಯ ನಕ್ಷೆ ಕೇಳಿದ. ಬರ್ನಿ ಪಟ್ಟಣದ ಒಬ್ಬ ಹೆಂಗಸು ತಾನು ಸೇರಬಹುದೇ ಎಂದು ತುಂಬ ಗಂಭೀರವಾಗಿ ಬರೆದಿದ್ದಳು. ಹೆಂಗಸರ ಲಾಡ್ಜಿನವರ ವಿಳಾಸ ಹುಡುಕಿ ಕೊಟ್ಟೆ. ಮೂವರಲ್ಲಿ ಮೇಸನ್ ಆಗಲು ಅತ್ಯಂತ ಯೋಗ್ಯಳಾದವಳು ಅವಳೇ.

ಇನ್ನು ಒಂದು ವಾರವಿದೆ. ನಿನಗೆ ಹೇಳದೆ ಇಟ್ಟಿದ್ದ ವಿಷಯ ಈಗ ಹೇಳುತ್ತೇನೆ. ಸನ್ನದನ್ನು ಹಿಂದಿರುಗಿಸುವ ಸೂಚನೆ ಮಂಡಿಸುವವನು ನಾನೇ. ಜೂನ್‌ನಲ್ಲಿ, ನಿನಗೆ ಮೊದಲ ಪತ್ರ ಬರೆಯುವ ಮುಂಚೆಯೇ, ಗ್ರ್ಯಾಂಡ್ ಲಾಡ್ಜಿಗೆ ಪತ್ರ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ದಿನಾಂಕ ಮಾತ್ರ ಹಾಕಿಲ್ಲ. ವೆಬ್‌ಸೈಟ್ ಎಂದಾಗ ಒಳಗೊಳಗೆ ನಗುತ್ತಿದ್ದೆ, ಕ್ಷಮಿಸು. ಬಾಗಿಲು ಬಿದ್ದು ಮುರಿಯುವುದಕ್ಕಿಂತ ನಾವಾಗಿ ಮರ್ಯಾದೆಯಿಂದ ಮುಚ್ಚುವುದು ವಾಸಿ ಎಂಬುದು ನನ್ನ ಲೆಕ್ಕವಾಗಿತ್ತು.

ಆದರೆ ಒಂದು ಹೇಳಬೇಕು. ನಿನ್ನ ಆ ನಾಲ್ಕು ಸಾಲು ಬಂದ ಮೇಲೆ ನಾವು ಎಂಟು ಜನ ಒಬ್ಬರನ್ನೊಬ್ಬರು ಸ್ವಲ್ಪ ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ. ಕಳೆದ ತಿಂಗಳು ಊಟಕ್ಕೆ ಎಲ್ಲರೂ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು, ಯಾರೋ ಬರುತ್ತಾರೇನೋ ಅನ್ನುವ ಹಾಗೆ. ಮುಚ್ಚಿದರೂ ಅಷ್ಟು ಉಳಿಯಿತು.

ಮರ್ವ್


ಡಂಕರ್ಟನ್
10 ನವೆಂಬರ್ 2024

ಲಿಯೋನಿ,

ನಿನ್ನೆ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಬೌಲ್ಸ್ ಆಡುವ ಹುಲ್ಲಿನಂಗಳದಲ್ಲಿ ನಾನೂ ಡೆಸ್ಸೂ ಒಂದು ಕಡೆ, ಕ್ಲೈವ್ ಮತ್ತು ಅವನ ಹೆಂಡತಿ ಆಚೆ ಕಡೆ. ಡೆಸ್‌ನ ಸರದಿ ಬಂತು. ನಿಂತು ಆಡುವ ಚಾಪೆಯ ಮೇಲೆ ಬಗ್ಗಿದವನು ಬೌಲ್ ಹಾಕದೆ, ನನ್ನ ಕಡೆ ತಿರುಗದೆ, ನೆಲ ನೋಡುತ್ತ, ‘ಮರ್ವ್, ನೀವು ಯಾರನ್ನೂ ಕರೆಯಲ್ಲವಂತೆ’ ಅಂದ.

‘ಇಲ್ಲ’ ಅಂದೆ.

‘ಯಾರನ್ನೂನಾ?’

‘ಯಾರನ್ನೂ.’

‘ನಾನು, ಬೇಕಾದವರನ್ನ ಕರೀತೀರಿ ಅಂದ್ಕೊಂಡಿದ್ದೆ.’

ಆ ಮಾತು ಕೇಳಿದ ಮೇಲೂ, ಮಗಳೇ, ನಾನು ಏನೂ ಹೇಳುವಂತಿರಲಿಲ್ಲ. ಹೇಳಿದರೆ ಕರೆದ ಹಾಗೆ. ಬಾಯಿ ಮುಚ್ಚಿಕೊಂಡು ನಿಂತೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡದ್ದಿಲ್ಲ.

ಅವನು ಬೌಲನ್ನು ಬಟ್ಟೆಯಿಂದ ಒರೆಸಿದ, ಮತ್ತೆ ಒರೆಸಿದ. ‘ಹಾಗಿದ್ರೆ ಕೇಳ್ತೀನಿ’ ಅಂದ.

‘ಕೇಳು.’

‘ಕೇಳಿದ್ನಲ್ಲ.’

‘ಎಲ್ಲಿ ಕೇಳಿದೆ? ಕೇಳ್ತೀನಿ ಅಂದೆ.’

ಆಗ ನೆಟ್ಟಗೆ ನಿಂತು ನನ್ನ ಮುಖ ನೋಡಿದ. ‘ನಿಮ್ಮ ಲಾಡ್ಜಿಗೆ ನಾನು ಸೇರಬಹುದಾ?’

‘ನೀನು ಕೇಳ್ತೀಯ ಅಂತ 1993ರಿಂದ ನಿಂತಿದೀನಿ ಕಣೋ’ ಅಂದೆ.

‘ನಾನೂ ಅಲ್ಲೇ ನಿಂತಿದ್ದೆ’ ಅಂದ.

ಆಚೆ ಕಡೆಯಿಂದ ಕ್ಲೈವ್ ಕೂಗಿದ, ‘ಏನ್ರಪ್ಪಾ, ಮದುವೆ ಮಾತುಕತೆ ಮುಗೀತಾ? ಬೌಲ್ ಹಾಕ್ತೀರೋ, ನಾವು ಟೀ ಕುಡ್ಕೊಂಡು ಬರೋಣ್ವೋ?’ ಡೆಸ್ ಬೌಲ್ ಹಾಕಿದ. ಅಂಗಳದ ಅಂಚಿನ ಚರಂಡಿಗೆ ಬಿತ್ತು. ಇಬ್ಬರೂ ಸೋತು ಸುಣ್ಣವಾದೆವು, ಇಷ್ಟು ಸಂತೋಷವಾಗಿ ನಾವು ಎಂದೂ ಸೋತಿಲ್ಲ.

ಅರ್ಜಿಗೆ ಸಹಿಯಾಗಿದೆ. ಮಂಗಳವಾರ ಅವನ ಹೆಸರನ್ನು ನಾನೇ ಸೂಚಿಸುತ್ತೇನೆ. ಡಿಸೆಂಬರ್‌ನಲ್ಲಿ ಮತದಾನ, ನಿಜವಾದ ಗೋಲಿಗಳಿಂದ. ಫೆಬ್ರವರಿಯಲ್ಲಿ ಒಳಗೆ ಬರುತ್ತಾನೆ. ಖಾನೆಯಲ್ಲಿದ್ದ ಪತ್ರದ ಹಿಂಬದಿಯಲ್ಲಿ ಇವತ್ತು ಬೆಳಿಗ್ಗೆ ಅಂಗಡಿ ಸಾಮಾನಿನ ಪಟ್ಟಿ ಬರೆದೆ.

ಒಂದು ಪ್ರಶ್ನೆ ಇದೆ. ನಿನಗೆ ಗೊತ್ತಿತ್ತಾ? ಗೊತ್ತಿದ್ದರೆ ಉತ್ತರ ಬರೆಯಬೇಡ.

ಮರ್ವ್


ಅಡಿಲೇಡ್
20 ನವೆಂಬರ್ 2024

ಮರ್ವ್ ಅವರಿಗೆ,

ಸಭೆಯ ದಿನಗಳ ಪುಟದಲ್ಲಿ 2025ರ ಹನ್ನೊಂದು ಮಂಗಳವಾರಗಳನ್ನು ಸೇರಿಸಿದ್ದೇನೆ. ಜನವರಿಯಲ್ಲಿ ರಜೆ ಎಂದು ಹಾಕಿದ್ದೇನೆ, ಸರಿ ತಾನೆ? ಬರ್ನಿಯ ಹೆಂಗಸಿನಂಥವರು ಮತ್ತೆ ಬಂದರೆ ನೇರವಾಗಿ ದಾರಿ ಸಿಗಲೆಂದು ಹೆಂಗಸರ ಲಾಡ್ಜಿನ ವಿಳಾಸವನ್ನೂ ಹಾಕಿದ್ದೇನೆ. ಇದಕ್ಕೆ ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಅಪ್ಪ ಭಾನುವಾರ ಫೋನ್ ಮಾಡಿದ್ದರು. ಹವಾಮಾನ ಹೇಳಿದರು, ಆಲೂಗಡ್ಡೆ ಬೆಳೆ ಹೇಳಿದರು, ಪಕ್ಕದ ಮನೆಯವರ ಬೇಲಿ ಹೇಳಿದರು. ಇಡುವ ಮೊದಲು, ‘ಹಾಂ, ಮರ್ವ್‌ನ ಲಾಡ್ಜಿಗೆ ಸೇರೋಣ ಅಂತಿದೀನಿ. ಅವರಿಗೆ ಜನ ಕಡಿಮೆ ಇದಾರೆ, ಪಾಪ’ ಅಂದರು. ಒಳ್ಳೇದಾಯ್ತು ಅಂದೆ. ಹಿಂದೆ ಅಮ್ಮ ಏನನ್ನೋ ಬೀಳಿಸಿದ ಸದ್ದು ಕೇಳಿಸಿತು.

ನಿಮ್ಮ ಪ್ರಶ್ನೆಗೆ ನೀವು ಹೇಳಿದಂತೆಯೇ ನಡೆದುಕೊಂಡಿದ್ದೇನೆ.

ಫೆಬ್ರವರಿಯ ವಾರ ನನಗೆ ಇಲ್ಲಿಂದ ಅಲುಗಾಡಲು ಆಗುವುದಿಲ್ಲ. ಒಳಗೆ ನಡೆದದ್ದು ಬೇಡ. ಹೊರಗೆ ನಡೆದದ್ದನ್ನು ಬಿಡದೆ ಬರೆಯಿರಿ.

ಲಿಯೋನಿ


ಡಂಕರ್ಟನ್
12 ಫೆಬ್ರವರಿ 2025

ಲಿಯೋನಿ,

ನಿನ್ನೆ ಮಹಡಿಯ ಮೇಲೆ ನಡೆದ ದೀಕ್ಷೆ ಗುಟ್ಟಿನದು, ನಿನಗೆ ಹೇಳುವಂತಿಲ್ಲ. ನಿಮ್ಮಪ್ಪನೂ ಹೇಳುವಂತಿಲ್ಲ, ಹೇಳಬೇಕಿದ್ದರೂ ಅವನಿಂದ ಮಾತು ಹೊರಡಿಸಲು ನಿನಗೆ ಮತ್ತೆ ಮೂವತ್ತೊಂದು ವರ್ಷ ಬೇಕು. ಅವನು ಒಂದು ಮಾತೂ ತಪ್ಪಲಿಲ್ಲ ಎಂದಷ್ಟೇ ಹೇಳಬಹುದು. ನಾನು ಎರಡು ಕಡೆ ತಪ್ಪಿದೆ.

ಕೆಳಗಿನದು ಪೂರ್ತಿ ಹೇಳುತ್ತೇನೆ. ಮನೆಯವರನ್ನೆಲ್ಲ ಊಟಕ್ಕೆ ಕರೆದಿದ್ದೆವು, ಊಟಕ್ಕೆ ಕರೆಯಬಹುದು. ನೋಲಾ ನಿಂಬೆ ಕೇಕ್ ತಂದಿದ್ದಳು. ಆಲ್ಫ್ ಪರ್ತ್‌ನಿಂದ ವಿಮಾನ ಹತ್ತಿ ಬಂದಿದ್ದ, ತನ್ನ ಕುರ್ಚಿಯಲ್ಲಿ ಬೇರೆ ಯಾರೂ ಕೂರಬಾರದೆಂದು. ಆರ್ಗನ್ ನುಡಿಸುತ್ತೇನೆಂದು ಕ್ಲೈವ್ ಎರಡು ಸಲ ಎದ್ದ, ಎರಡು ಸಲವೂ ಅವನ ಹೆಂಡತಿ ಕೋಟು ಹಿಡಿದು ಕೂರಿಸಿದಳು. ನಿನ್ನ ಪಾಲಿನ ಸ್ಕ್ಯಾಲಪ್ ಪೈಯನ್ನು ನಾನೇ ತಿಂದೆ.

ಹೊಸ ಸೋದರನ ಹೆಸರಿನಲ್ಲಿ ಎಲ್ಲರೂ ಗ್ಲಾಸು ಎತ್ತಿದ ಮೇಲೆ ಅವನು ಎದ್ದು ನಾಲ್ಕು ಮಾತಾಡಬೇಕು, ಅದು ಕ್ರಮ. ಹಿಂದೆ ಕೆಲವರು ಅರ್ಧ ಗಂಟೆ ಮಾತಾಡಿದ್ದುಂಟು, ಕೆಲವರು ಅತ್ತದ್ದೂ ಉಂಟು. ಡೆಸ್ ಎದ್ದ. ಮೇಜಿನ ಬಟ್ಟೆಯ ಮಡಿಕೆಯನ್ನು ಬೆರಳಿನಿಂದ ನೇರ ಮಾಡಿದ. ನೋಲಾ ಕಣ್ಣು ಮುಚ್ಚಿಕೊಂಡಳು.

‘ಥ್ಯಾಂಕ್ಸ್’ ಅಂದ. ಅಷ್ಟೇ ಇರಬೇಕು ಎಂದು ನಾವು ಚಪ್ಪಾಳೆಗೆ ಕೈ ಎತ್ತಿದೆವು.

‘ಮೇಲಿನ ಹಾಲಲ್ಲಿ ಮಾಸ್ಟರ್ ಕುರ್ಚಿಯ ಎಡಗಡೆ ಮೂರನೇ ದೀಪ ಇದೆಯಲ್ಲ, ಅದು ತಪ್ಪು ಜಾಗದಲ್ಲಿದೆ. ಓದೋರ ಕಣ್ಣಿಗೆ ಕುಕ್ಕುತ್ತೆ. ಹಾಕಿದ ದಿನಾನೇ ನನಗೆ ಗೊತ್ತಾಯ್ತು. ಯಾರಾದ್ರೂ ಹೇಳ್ತೀರಿ ಅಂತ ನಾನು ಸುಮ್ಮನಿದ್ದೆ.’

ಮೂವತ್ತೊಂದು ವರ್ಷದಿಂದ ಆ ದೀಪದ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಪತ್ರ ಓದುತ್ತಿರುವವನು ನಾನು. ‘ನೀನು ಬೇಕು ಅಂತಲೇ ಹಾಗೆ ಹಾಕಿದೀಯ ಅಂದ್ಕೊಂಡಿದ್ದೆ’ ಅಂದೆ.

ಡೆಸ್ ನನ್ನನ್ನು ನೋಡಿದ, ನೋಲಾಳನ್ನು ನೋಡಿದ, ಮೇಜಿನ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದ.

‘ನಾಳೆ ಏಣಿ ತರ್ತೀನಿ’ ಎಂದು ಹೇಳಿ ಕೂತುಕೊಂಡ.

ಈಗ ಬೆಳಿಗ್ಗೆ ಹತ್ತು ಗಂಟೆ. ಇದನ್ನು ಹಾಲಿನಲ್ಲೇ ಕೂತು ಬರೆಯುತ್ತಿದ್ದೇನೆ. ಅವನು ಏಣಿ ಹತ್ತಿದ್ದಾನೆ, ನಾನು ಅದನ್ನು ಹಿಡಿದುಕೊಳ್ಳಬೇಕಂತೆ, ಕರೆಯುತ್ತಿದ್ದಾನೆ.

ಮರ್ವ್